ಪೇಟಿ ಮಾರಲು ಹೋದ ಭಾನುವಾರ

ಮಾಸ್ತರು ಪೇಟಿ ಮಾರುತ್ತೇನೆ ಅಂದ ದಿನ ನಾನು ಅವರ ಮನೆಯ ಕಟ್ಟೆಯ ಮೇಲೆ ಕೂತು ದಾವಣಗೆರೆಯ ಇಡೀ ಆಜಾದ್ ನಗರಕ್ಕೆ ಕೇಳುವ ಹಾಗೆ ಬೈದೆ. ನನ್ನದು ಮೊದಲಿನಿಂದಲೂ ಹಾಗೇ, ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಎದುರು ಮನೆಯ ಹೆಂಗಸು ಗಾಬರಿಯಿಂದ ಕಿಟಕಿ ತೆಗೆದು ನೋಡಿದಳು. ಬೈಯುತ್ತಿರುವವಳು ನಾನೇ ಅಂತ ಗೊತ್ತಾದ ಮೇಲೆ ನಿಶ್ಚಿಂತೆಯಿಂದ ಮುಚ್ಚಿಕೊಂಡಳು.

ಅಪ್ಪ ಅವ್ವ ನನಗೆ ಇಟ್ಟ ಹೆಸರು ಅಂಜಿನವ್ವ. ಪೋಸ್ಟರಿನಲ್ಲಿ ಆ ಹೆಸರು ಹಾಕಿದರೆ ಟಿಕೆಟ್ ಹೋಗುವುದಿಲ್ಲ ಅಂತ ನಾಟಕ ಕಂಪನಿಯ ಮಾಲೀಕರು ಬಿಂದು ಎಂದು ಮಾಡಿದರು. ಕಂಪನಿ ಮುಚ್ಚಿತು, ಬಿಂದು ಉಳಿದಳು. ಆಮೇಲಿಂದ ನನ್ನ ಅನ್ನ ಹಳ್ಳಿ ನಾಟಕಗಳಲ್ಲಿ. ಮಲೆಬೆನ್ನೂರು ಕಡೆ, ಆನಗೋಡು ಕಡೆ ಗದ್ದೆ ಕೆಲಸ ಮುಗಿದ ಮೇಲೆ ಗಂಡಸರಿಗೆ ಬಣ್ಣ ಹಚ್ಚುವ ಹುಚ್ಚು ಹಿಡಿಯುತ್ತದೆ. ಮೀಸೆಯವರು ಮೀಸೆಯ ಪಾತ್ರ ಮಾಡಿಕೊಳ್ಳುತ್ತಾರೆ, ಸೀರೆಯ ಪಾತ್ರಕ್ಕೆ ದಾವಣಗೆರೆಯಿಂದ ನಮ್ಮಂಥವರನ್ನು ಕರೆಸುತ್ತಾರೆ. ಆ ಗಂಡಸರಿಗೆ ತಿಂಗಳುಗಟ್ಟಲೆ ಹಾಡು ಕಲಿಸಿ, ಮಾತು ತಿದ್ದಿ, ನಾಟಕದ ದಿನ ರಂಗದ ಪಕ್ಕ ಹಾರ್ಮೋನಿಯಂ ಇಟ್ಟುಕೊಂಡು ಕೂರುವವರು ಮಾಸ್ತರು. ಹಾರ್ಮೋನಿಯಂ ಅಂತ ಹೇಳುವಷ್ಟು ಪುರುಸೊತ್ತು ನಮಗಿಲ್ಲ, ಪೇಟಿ ಅಂದುಬಿಡುತ್ತೇವೆ.

ನಮ್ಮ ಮಾಸ್ತರು ಮಕ್ತುಮ್ ಸಾಬರು. ಎತ್ತು ಹೊಡೆಯುವ ದನಿಯವನ ಬಾಯಲ್ಲೂ ರಾಗ ಹೊರಡಿಸಿದ ಮನುಷ್ಯ. ನಾನು ಸಾಲು ಮರೆತು ಪೆಚ್ಚಾಗಿ ನಿಂತಾಗಲೆಲ್ಲ, ನಾನು ಮರೆತದ್ದು ನನಗೇ ಗೊತ್ತಾಗುವ ಮೊದಲು ಅವರ ಪೇಟಿ ಮುಂದಿನ ಸಾಲನ್ನು ಎತ್ತಿಕೊಟ್ಟಿರುತ್ತಿತ್ತು. ನನ್ನ ಮಾನ ಅರ್ಧ ಸೀರೆಯಲ್ಲಿ, ಅರ್ಧ ಮಾಸ್ತರ ಬೆರಳಲ್ಲಿ ಅಂತ ನಾನೇ ಎಷ್ಟೋ ಸಲ ಹೇಳಿದ್ದುಂಟು.

ಹೋದ ವರ್ಷ ಅವರಿಗೆ ಲಕ್ವ ಹೊಡೆಯಿತು. ಬಲಗಡೆಗೆ. ಮಾತು ತಿರುಗಿ ಬಂತು, ಕಾಲು ಎಳೆದುಕೊಂಡಾದರೂ ಬಂತು, ಕೈ ಮಾತ್ರ ಪೂರ್ತಿ ಬರಲಿಲ್ಲ. ಬೆರಳು ಆಡುತ್ತವೆ, ಆದರೆ ಹೇಳಿದ ಹೊತ್ತಿಗೆ ಆಡುವುದಿಲ್ಲ. ಸುಮ್ಮನಿರಬಾರದಿತ್ತೇ? ಹಟ ಹಿಡಿದು ಒಂದು ಹಳ್ಳಿಯ ನಾಟಕಕ್ಕೆ ಹೋದರು. ಆ ಊರಿನ ಹೆಸರು ನನ್ನ ಬಾಯಲ್ಲಿ ಬ್ಯಾಡ. ಎರಡನೇ ಅಂಕದ ಓಟದ ಹಾಡಿನಲ್ಲಿ ಪೇಟಿ ಹಿಂದೆ ಬಿತ್ತು. ದುರ್ಯೋಧನನ ವೇಷದವನು ಹಾಡು ನಿಲ್ಲಿಸಿ, ಸೊಂಟಕ್ಕೆ ಕೈಕೊಟ್ಟು, ತುಂಬಿದ ಸಭೆಯ ಎದುರು ಮಾಸ್ತರನ್ನು ನೋಡಿದ. ಕಮಿಟಿಯ ಹುಡುಗರು ಮೊದಲೇ ಒಂದು ಕೀಬೋರ್ಡು ತಂದಿಟ್ಟಿದ್ದರಂತೆ. ನೀವು ಸುಧಾರಿಸಿಕೊಳ್ರಿ ಅಂತ ಅದನ್ನು ಮುಂದೆ ತಳ್ಳಿದರು. ಮಾಸ್ತರು ಪೇಟಿ ಮುಚ್ಚಿದರು. ನಾನು ರಂಗದ ಮೇಲೆ ಭಾನುಮತಿಯಾಗಿ ನಿಂತಿದ್ದೆ, ಇಳಿದು ಹೋಗಿ ದುರ್ಯೋಧನನ ಕಪಾಳಕ್ಕೆ ಬಿಡುವ ಹಾಗಿರಲಿಲ್ಲ. ಆ ಸಂಕಟ ಇವತ್ತಿಗೂ ನನ್ನ ಹೊಟ್ಟೆಯಲ್ಲಿದೆ.

ಅವತ್ತಿನಿಂದ ಪೇಟಿ ಮೂಲೆ ಸೇರಿತು. ಮೇಲೊಂದು ಹಳೇ ಚಾದರ. ಮಾಸ್ತರ ಹೆಂಡತಿ ಅಖ್ತರ್ ಬಾನು, ನಾನು ಭಾಬಿ ಅನ್ನುತ್ತೇನೆ, ಅವರು ದಿನಾ ಚಾದರ ಕೊಡವಿ ಮತ್ತೆ ಹೊದಿಸುತ್ತಿದ್ದರು. ಪೇಟಿ ಮಾರುವ ಮಾತು ಬಂದ ದಿನ ನಾನು ಬೈದು ಬೈದು ಸುಸ್ತಾದ ಮೇಲೆ ಭಾಬಿ ನನ್ನನ್ನು ಅಡುಗೆಮನೆಗೆ ಕರೆದು, ಇದು ದುಡ್ಡಿನ ಮಾತಲ್ಲ ಅಂದರು. ಕಣ್ಣ ಮುಂದೆ ಅದು ಇರುವುದೇ ಮಾಸ್ತರಿಗೆ ಆಗುತ್ತಿಲ್ಲವಂತೆ. ಯಾರ ಜೊತೆಗೂ ಕೂತು ಉಣ್ಣುವುದಿಲ್ಲ, ಎಡಗೈಲಿ ತಿನ್ನುವುದನ್ನು ಯಾರೂ ನೋಡಬಾರದು ಅಂತ.

"ನಿದ್ದೆಯಾಗೂ ಎಡಗೈ ಬೆರಳು ಹಾಸಿಗೆ ಮೇಲೆ ಆಡ್ತಾನೇ ಇರ್ತಾವ, ಅಂಜಿನವ್ವ," ಅಂದರು ಭಾಬಿ. "ಪೇಟಿ ಹೋದ ಮ್ಯಾಲೆ ಈ ಮನುಷ್ಯ ಉಳೀತಾರಾ? ನೀನೇ ಹೇಳು."

 

ಗಿರಾಕಿ ಹುಟ್ಟಿದ್ದೂ ನನ್ನ ಬಾಯಿಂದಲೇ. ಹರಿಹರದ ಆಚೆ ಹೈವೇ ಪಕ್ಕ ತ್ರಿಲೋಚನ್ ಸಿಂಗರ ಢಾಬಾ ಇದೆ. ನಾಟಕ ಮುಗಿಸಿ ಬರುವಾಗ ನಮ್ಮ ಟೆಂಪೊ ನಿಲ್ಲುವುದೇ ಅಲ್ಲಿ. ಮುಖದ ಬಣ್ಣ ಇನ್ನೂ ಪೂರ್ತಿ ಹೋಗಿರುವುದಿಲ್ಲ, ಆ ಮನುಷ್ಯ ನಕ್ಕು ಚಹಾ ಕೊಡುತ್ತಾರೆ. ಒಂದು ದಿನ ಹೀಗೇ ಮಾತಾಡುತ್ತ, ತಮ್ಮ ಗುರುದ್ವಾರದ ಪೇಟಿಯ ಗಾಳಿ ಒತ್ತುವ ತಿದಿಯನ್ನು ಇಲಿಗಳು ತಿಂದು ಹಾಕಿವೆ, ಎಲ್ಲಾದರೂ ಒಳ್ಳೇ ಹಳೇ ಪೇಟಿ ಇದ್ದರೆ ಹೇಳಿ ಅಂದರು. ಗುರುದ್ವಾರ ಎಲ್ಲಿದೆ ಅಂತ ಕೇಳಿದೆ. ಢಾಬಾದ ಹಿಂದೆ ಕೇಸರಿ ಬಾವುಟ ಹಾರುತ್ತಿದ್ದ ಬಿಳಿ ಕಟ್ಟಡ ತೋರಿಸಿದರು. ನನ್ನ ಕಥೆ ಕೇಳಿ! ಅದು ಹನುಮಪ್ಪನ ಗುಡಿ ಅಂದುಕೊಂಡು, ವರ್ಷಗಟ್ಟಲೆ ಟೆಂಪೊದಲ್ಲೇ ಕೂತು ಆ ಬಾವುಟಕ್ಕೆ ಕೈಮುಗಿದು, ಮುಂದಿನ ನಾಟಕಕ್ಕೆ ಒಳ್ಳೇ ಪಾತ್ರ ಕೊಡಪ್ಪಾ ಹನುಮಪ್ಪ ಅಂತ ಬೇಡಿಕೊಂಡಿದ್ದೆ. ಪಾತ್ರಗಳೂ ಸಿಕ್ಕಿದ್ದವು. ಯಾರು ಕೊಟ್ಟರೋ!

ಇಲಿಗೂ ಸಂಗೀತದ ರುಚಿ ಹತ್ತಿದೆ ನೋಡ್ರಿ ಅಂತ ಮಾಸ್ತರನ್ನು ನಗಿಸಲು ಈ ಸುದ್ದಿ ಹೇಳಿದೆ. ಅವರು ನಗಲಿಲ್ಲ. ಚಾದರದ ಕಡೆ ನೋಡಿ, ನಂದು ತಗೊಳ್ಳಲಿ ಅಂತ ಹೇಳು ಅಂದರು. ಕಟ್ಟೆಯ ಮೇಲೆ ಕೂತು ನಾನು ಬೈದದ್ದು ಅದಕ್ಕೇ. ಬೈದದ್ದು ಅವರನ್ನೋ ನನ್ನ ನಾಲಿಗೆಯನ್ನೋ, ದೇವರಿಗೇ ಗೊತ್ತು.

ಭಾನುವಾರ ಬೆಳಿಗ್ಗೆ ಹೊರಟೆವು. ಭಾಬಿ ಬರುವುದಿಲ್ಲ ಅಂದರು, ಅದು ಬೇರೆಯವರ ಕೈಗೆ ಹೋಗುವುದನ್ನು ನೋಡಲಾರೆ ಅಂತ. ಬಾಗಿಲಲ್ಲಿ ನಿಂತು ಪೇಟಿಯ ಮೇಲೊಮ್ಮೆ ಕೈಯಾಡಿಸಿ ಒಳಗೆ ಹೋಗಿಬಿಟ್ಟರು. ಬಸ್ಸಿನಲ್ಲಿ ಪೇಟಿ ನನ್ನ ತೊಡೆಯ ಮೇಲೆ. ಮಾಸ್ತರು ಕಿಟಕಿಯ ಆಚೆ ನೋಡುತ್ತ ಕೂತವರು ಹರಿಹರದವರೆಗೆ ತುಟಿ ಬಿಚ್ಚಲಿಲ್ಲ. ನಾನು ಹೊಳೆ ಬಂತು ಅಂದೆ, ಬಿಸಿಲು ಬಂತು ಅಂದೆ, ನನ್ನ ಕಾಲು ಜೋಮು ಹಿಡೀತು ಅಂದೆ. ಗೋಡೆಗೆ ಹೇಳಿದ ಹಾಗಾಯಿತು.

ಗೇಟಿನ ಹತ್ತಿರ ಆಟೊ ಇಳಿದ ಕೂಡಲೇ ಮಾಸ್ತರು ತಲೆಯ ಮೇಲಿನ ಟೋಪಿ ತೆಗೆದು ಜುಬ್ಬಾದ ಜೇಬಿಗೆ ಹಾಕಿಕೊಂಡರು. ಯಾಕ್ರೀ ಅಂದೆ. ಬೇರೆಯವರ ಜಾಗ, ಅವರು ತೆಗೀರಿ ಅನ್ನುವ ಮೊದಲು ನಾವೇ ತೆಗೆಯುವುದು ಮರ್ಯಾದೆ ಅಂದರು. ಅಷ್ಟರಲ್ಲಿ ತ್ರಿಲೋಚನ್ ಸಿಂಗ್ ಎದುರಿಗೆ ಬಂದು, ಪೇಟಿ ಇಸಿದುಕೊಂಡು, ಮಾಸ್ತರ ಬರೀ ತಲೆ ನೋಡಿ ನಿಂತರು.

"ಟೋಪಿ ಹಾಕ್ಕೊಳ್ರಿ ಮಾಸ್ತರೇ," ಅಂದರು. "ನಮ್ಮಲ್ಲಿ ತಲಿ ಮುಚ್ಚದೆ ಒಳಗ ಹೋಗಂಗಿಲ್ಲ."

ಮಾಸ್ತರು ಜೇಬಿಂದ ಟೋಪಿ ತೆಗೆದು ಹಾಕಿಕೊಂಡು ಎರಡು ಸಲ ಸರಿಮಾಡಿಕೊಂಡರು. ಬಗ್ಗಿದ್ದ ಬೆನ್ನು ಒಂದಿಷ್ಟು ನೆಟ್ಟಗಾದದ್ದನ್ನು ನಾನು ನೋಡಿದೆ. ನಾನೂ ಮಲ್ಲಿಗೆ ದಂಡೆಯ ಮೇಲೆ ಸೆರಗು ಎಳೆದುಕೊಂಡೆ. ಗೌಡಶಾನಿ ಪಾತ್ರ ಮಾಡಿ ಮಾಡಿ ಸೆರಗು ಜಾರದ ಹಾಗೆ ಹೊದೆಯುವುದು ನನಗೆ ನೀರು ಕುಡಿದಷ್ಟು ಸಲೀಸು.

ಚಪ್ಪಲಿಯದ್ದೇ ಒಂದು ಫಜೀತಿ. ಊರೂರು ತಿರುಗಿದವಳು ನಾನು, ಜೋಡಿ ಚಪ್ಪಲಿಯನ್ನು ಒಂದೇ ಕಡೆ ಬಿಡುವಷ್ಟು ದಡ್ಡಿಯಲ್ಲ. ಒಂದನ್ನು ಬೆಂಚಿನ ಕೆಳಗೆ, ಇನ್ನೊಂದನ್ನು ಕಂಬದ ಮರೆಗೆ ಬಿಟ್ಟು ಕಾಲು ತೊಳೆದು ಬರುವಷ್ಟರಲ್ಲಿ ಒಬ್ಬ ಹೆಂಗಸು, ಕೈತುಂಬ ಚಿನ್ನದ ಬಳೆ, ಒಳ್ಳೇ ರೇಷ್ಮೆ ದುಪಟ್ಟಾ, ನನ್ನ ಎರಡೂ ಚಪ್ಪಲಿ ಹುಡುಕಿ ಜೋಡಿಸಿ, ಬಟ್ಟೆಯಿಂದ ಧೂಳು ಒರೆಸುತ್ತ ಕೂತಿದ್ದಳು.  ಅಯ್ಯೋ ಬಿಡ್ರಿ ತಾಯಿ ಅಂತ ಕಿತ್ತುಕೊಳ್ಳಲು ಹೋದೆ. ಇದು ಸೇವೆ, ನನ್ನ ಪಾಳಿ, ನೀವು ಕಿತ್ಕೋಬ್ಯಾಡ್ರಿ ಅಂತ ಅಪ್ಪಟ ಹರಿಹರದ ಕನ್ನಡದಲ್ಲಿ ನಕ್ಕಳು. ಆಕೆ ತ್ರಿಲೋಚನ್ ಸಿಂಗರ ಹೆಂಡತಿ ಜಸ್ಬೀರ್ ಕೌರ್. ಹುಟ್ಟಿದ್ದು ಬೆಳೆದದ್ದು ಹರಿಹರದಲ್ಲೇ.

ಒಳಗೆ ದೊಡ್ಡ ಹಾಲು, ನೆಲಕ್ಕೆಲ್ಲ ಹಾಸು. ನಾನು ದೇವರನ್ನು ಹುಡುಕಿದೆ. ಮೂರ್ತಿ ಇಲ್ಲ. ಎದುರಿಗೆ ಚಪ್ಪರದ ಕೆಳಗೆ, ಮೆತ್ತೆಯ ಮೇಲೆ, ರೇಷ್ಮೆ ಹೊದ್ದ ದೊಡ್ಡ ಗ್ರಂಥ. ಅದೇ ಗುರು ಅಂತ ತ್ರಿಲೋಚನ್ ಸಿಂಗ್ ಮೆಲ್ಲಗೆ ಹೇಳಿದರು. ಹಣ್ಣು ಹಣ್ಣಾದ ಮುದುಕರೊಬ್ಬರು ಅದಕ್ಕೆ ಚಾಮರ ಬೀಸುತ್ತಿದ್ದರು. ಅವರು ಗ್ಯಾನಿಜಿ, ಅಲ್ಲಿಯ ಹಿರಿಯರು. ನಮ್ಮ ನಾಟಕಗಳಲ್ಲಿ ಚಾಮರ ಬೀಸುವ ಪಾತ್ರವನ್ನು ಮಾತು ಬಾರದವನ ಕೈಗೆ ಕೊಡುತ್ತೇವೆ, ಇಲ್ಲಿ ಎಲ್ಲರಿಗಿಂತ ದೊಡ್ಡವರ ಕೈಗೆ ಕೊಟ್ಟಿದ್ದಾರಲ್ಲ ಅನ್ನಿಸಿತು. ನಾನು ತಲೆ ನೆಲಕ್ಕೆ ಮುಟ್ಟಿಸಿ ಎದ್ದ ಮೇಲೆ ಯಾರೋ ನನ್ನ ಎರಡೂ ಕೈ ಒಡ್ಡಿಸಿ ಬಿಸಿ ಹಲ್ವ ಹಾಕಿದರು. ಬೆಣ್ಣೆ ದೋಸೆಯ ಊರಿನಿಂದ ಬಂದ ನನಗೇ ಆ ತುಪ್ಪ ಕಂಡು ಬಾಯಿ ಮುಚ್ಚಿತು.

ಗಂಡಸರು ಒಂದು ಕಡೆ, ಹೆಂಗಸರು ಒಂದು ಕಡೆ, ಎಲ್ಲರೂ ನೆಲಕ್ಕೆ. ಲಾರಿ ಮಾಲೀಕರು, ಡ್ರೈವರುಗಳು, ಅವರ ಮನೆಯವರು. ಮಾಸ್ತರು ಗೋಡೆಯ ಹತ್ತಿರ ಬಲಗೈಯನ್ನು ತೊಡೆಯ ಕೆಳಗೆ ಅಡಗಿಸಿಕೊಂಡು ಕೂತರು. ಚಪ್ಪರದ ಪಕ್ಕದಲ್ಲಿ ಹಾಡುವವರ ಜಾಗ. ಅಲ್ಲಿ ಬಿಳಿ ಬಟ್ಟೆಯ ಮೇಲೆ ನಮ್ಮ ಪೇಟಿ. ಜಸ್ಬೀರ್ ಕೌರ್ ಬಂದು ಅದರ ಹಿಂದೆ ಕೂತಳು, ತ್ರಿಲೋಚನ್ ಸಿಂಗ್ ತಬಲಾ ಎಳೆದುಕೊಂಡರು. ಪೇಟಿಯ ದನಿ ಕೇಳಿಯೇ ವ್ಯವಹಾರ ಮುಗಿಸೋಣ ಅಂತ ಮೊದಲೇ ಮಾತಾಗಿತ್ತು. ಪೇಟಿಯ ಮುಚ್ಚಳ ತೆರೆದಾಗ ಮಾಸ್ತರು ಕಣ್ಣು ಮುಚ್ಚಿಕೊಂಡರು.

ಆಕೆ ಹಾಡು ಎತ್ತಿದಳು. ನಮ್ಮದು ನಾಟಕದ ಪೇಟಿ. ಮೈಕಿಲ್ಲದ ಕಾಲಕ್ಕೆ ದೂರಕ್ಕೆ ಕೇಳಲಿ ಅಂತ ಏರು ಶ್ರುತಿಗೆ ಕೂರಿಸಿದ್ದು. ಪೇಟಿಯ ಕೀಲಿಗೆ ನಾವು ಮನೆ ಅನ್ನುತ್ತೇವೆ, ಆಕೆ ತನ್ನ ರೂಢಿಯ ಮನೆಯ ಮೇಲೇ ಬೆರಳಿಟ್ಟಳು. ಎರಡನೇ ಸಾಲಿಗೆ ದನಿ ಮೇಲೆ ಹೋಗಿ ಅಲ್ಲೇ ಸಿಕ್ಕಿಹಾಕಿಕೊಂಡಿತು. ಮತ್ತೆ ಎತ್ತಿದಳು, ಮತ್ತೆ ಸಿಕ್ಕಿತು. ಗೋಡೆಯ ಕಡೆಯಿಂದ ಮಾಸ್ತರ ದನಿ ತಾನಾಗಿ ಹೊರಬಂತು, ಎರಡು ಮನೆ ಕೆಳಗೆ ಬರ್ರಿ ಅಂತ. ಹೇಳಿದ ಮೇಲೆ ಹೇಳಬಾರದಿತ್ತು ಅನ್ನುವ ಹಾಗೆ ತಲೆ ತಗ್ಗಿಸಿದರು. ಆದರೆ ಮಾತು ಮುಟ್ಟುವಲ್ಲಿಗೆ ಮುಟ್ಟಿತ್ತು. ಜಸ್ಬೀರ್ ಕೌರ್ ಪೇಟಿ ಬಿಟ್ಟು ಪಕ್ಕಕ್ಕೆ ಸರಿದು, ನೀವೇ ಬಂದು ನುಡಿಸ್ರಿ ಅಂದಳು.

ಎಲ್ಲರ ಮುಖ ಮಾಸ್ತರ ಕಡೆ ತಿರುಗಿತು. ನನಗೆ ಆ ಹಳ್ಳಿಯ ಸಭೆ ನೆನಪಾಯಿತು. ಮಾಸ್ತರು ಅಡಗಿಸಿಟ್ಟಿದ್ದ ಬಲಗೈಯನ್ನು ಎಡಗೈಯಿಂದ ಎತ್ತಿ ತೋರಿಸಿದರು.

"ಈ ಕೈ ಹೋಗೈತ್ರೀ ತಾಯಿ."

"ಇನ್ನೊಂದು ಐತಲ್ರೀ," ಅಂದಳು ಆಕೆ. ಮರುಕದಿಂದಲ್ಲ, ಅಂಗಡಿಯಲ್ಲಿ ಇರುವ ಸಾಮಾನು ತೋರಿಸುವವಳ ಹಾಗೆ. ಮಾಸ್ತರು ಆ ಕೈಯನ್ನು ಮತ್ತೆ ತೊಡೆಯ ಕೆಳಗೆ ಇಟ್ಟುಕೊಂಡರು. ಆಕೆ ಮತ್ತೆ ಅಂದಳು: "ಇಲ್ಲಿ ಯಾರೂ ಟಿಕೆಟ್ ತಗೊಂಡು ಬಂದಿಲ್ರೀ ಮಾಸ್ತರೇ. ಬರ್ರಿ, ಕೂಡ್ರಿ."

ಟಿಕೆಟ್ಟಿನ ಆ ಮಾತು ಅವರನ್ನು ಎಲ್ಲಿ ತಾಗಿತೋ ನಾನರಿಯೆ. ಗೋಡೆ ಹಿಡಿದು ಎದ್ದರು. ಕಾಲೆಳೆಯುತ್ತ ಹೋಗಿ ಪೇಟಿಯ ಹಿಂದೆ ಕೂತರು. ಕೂತ ಮೇಲೆ ಅವರಿಗೂ ನನಗೂ ಒಟ್ಟಿಗೇ ಹೊಳೆಯಿತು. ಎಡಗೈ ನುಡಿಸಿದರೆ ತಿದಿ ಒತ್ತುವವರು ಯಾರು? ಗಾಳಿ ಇಲ್ಲದೆ ಪೇಟಿ ಬರೀ ಮರದ ಡಬ್ಬಿ. ನಾನು ಒತ್ತುತ್ತೇನೆ ಅಂತ ಹಿಂದೆ ಮನೆಯಲ್ಲಿ ಒಮ್ಮೆ ಹೇಳಿದ್ದಕ್ಕೆ ಮಾಸ್ತರು ಕೆಂಡವಾಗಿದ್ದರು. ಒಬ್ಬ ಮಾಸ್ತರ ಪೇಟಿಗೆ ಇನ್ನೊಬ್ಬರ ಗಾಳಿಯೇ, ಅದಕ್ಕಿಂತ ಬಾಯಿಗೆ ತುತ್ತಿಡಿಸಿಕೊಳ್ಳುವುದು ವಾಸಿ ಅಂದಿದ್ದರು. ಈಗ ಅವರು ತಲೆ ಎತ್ತಿ ಹೆಂಗಸರ ಕಡೆ ನೋಡಿದರು. ನನ್ನನ್ನೇ ಹುಡುಕುತ್ತಿದ್ದಾರೆ.

ನಾನು ಎದ್ದೆ. ಕೇಳಬೇಕೋ ಬ್ಯಾಡವೋ ಅಂತಲೂ ಯೋಚಿಸಲಿಲ್ಲ, ಮಧ್ಯದ ದಾರಿ ದಾಟಿ ಹೋಗಿ ಪೇಟಿಯ ಎದುರು ಕೂತೆ. ಕೂತ ಮೇಲೆ ಗೊತ್ತಾಯಿತು, ಸಭೆಗೆ ನನ್ನ ಬೆನ್ನು. ನಟಿಗೆ ಮೊದಲ ಪಾಠವೇ ಪ್ರೇಕ್ಷಕರಿಗೆ ಬೆನ್ನು ಕೊಡಬಾರದು ಅನ್ನುವುದು. ಸತ್ತು ಬೀಳುವ ಪಾತ್ರದಲ್ಲೂ ಮುಖ ಸಭೆಗೆ ಇಟ್ಟೇ ಸಾಯುತ್ತೇವೆ. ಇರಲಿ, ಇವತ್ತು ನಾನು ಬರೀ ಗಾಳಿ.

ಮೊದಮೊದಲು ಗುಡ್ಡ ಹತ್ತುವ ಬಸ್ಸಿನ ಹಾಗೆ ಒತ್ತಿದೆ. ಪೇಟಿ ಒಮ್ಮೆ ಕೂಗಿ ಒಮ್ಮೆ ನರಳಿತು. ಮಾಸ್ತರು ತುಟಿಯಲ್ಲೇ, ಉಸಿರಾಡ್ತೀಯಲ್ಲ ಹಂಗೆ ಒತ್ತೇ ಅಂದರು. ಹಾಗೇ ಒತ್ತಿದೆ. ದನಿ ನಿಂತುಕೊಂಡಿತು. ಅವರ ಎಡಗೈ ಮನೆಗಳ ಮೇಲೆ ಇಳಿಯಿತು. ಎಷ್ಟು ತಿಂಗಳು ಆ ಕೈ ಹಾಸಿಗೆಯ ಮೇಲೆ ನುಡಿಸಿತ್ತೋ ಏನೋ, ಅದಕ್ಕೆ ದಾರಿ ಗೊತ್ತಿತ್ತು. ಜಸ್ಬೀರ್ ಕೌರ್ ಪಲ್ಲವಿ ಎತ್ತಿದಳು. ಈ ಸಲ ದನಿ ಸರಾಗವಾಗಿ ಏರಿತು. ಅದು ನಮ್ಮ ಭೀಮಪಲಾಸ್, ಎಷ್ಟು ನಾಟಕಗಳಲ್ಲಿ ನಾನೇ ಅತ್ತಿದ್ದೇನೆ ಆ ರಾಗದಲ್ಲಿ.

ಆಮೇಲೆ ಲಯ ಓಡಿತು. ತ್ರಿಲೋಚನ್ ಸಿಂಗರ ತಬಲಾ ಕೈ ಢಾಬಾದಲ್ಲಿ ರೊಟ್ಟಿ ತಟ್ಟಿದಷ್ಟೇ ಚುರುಕು. ಚರಣದ ತಿರುವಿನಲ್ಲಿ ಮಾಸ್ತರ ಬೆರಳು ತಡವರಿಸಿತು. ಹಿಂದೆ ಬಿದ್ದರು. ಅವರ ಹಣೆಯಲ್ಲಿ ಬೆವರು ಒಡೆದದ್ದು ನನಗೆ ಮಾತ್ರ ಕಾಣುತ್ತಿತ್ತು. ಇನ್ನೇನು ಕೈ ಎತ್ತಿ ಪೇಟಿ ಮುಚ್ಚುತ್ತಾರೆ ಅಂದುಕೊಂಡೆ. ಜಸ್ಬೀರ್ ಕೌರ್ ನಿಲ್ಲಲಿಲ್ಲ, ತಿರುಗಿ ನೋಡಲಿಲ್ಲ. ಪಲ್ಲವಿಗೆ ವಾಪಸು ಬಂದಳು. ಅದನ್ನೇ ಮತ್ತೆ ಹಾಡಿದಳು. ಮತ್ತೆ. ಹಿಂದೆ ಕೂತ ಹೆಂಗಸರು ಗಂಡಸರು ಎಲ್ಲ ಅದೇ ಸಾಲನ್ನು ಕೂಡಿ ಹಾಡಿದರು. ಅವರ ಪದ್ಧತಿಯೇ ಅದಂತೆ, ಪಲ್ಲವಿಯನ್ನು ಸಭೆಯೆಲ್ಲ ಹಾಡುವುದು. ಬಂಡಿ ತಪ್ಪಿದವನಿಗಾಗಿ ಬಂಡಿಯೇ ಊರು ಸುತ್ತಿ ಬಂದ ಹಾಗೆ ಆ ಸಾಲು ಸುತ್ತಿ ಸುತ್ತಿ ಬಂತು. ಮೂರೋ ನಾಲ್ಕೋ ಸುತ್ತು ಆಗಿರಬೇಕು, ಮಾಸ್ತರು ಹತ್ತಿಕೊಂಡರು.

ಹತ್ತಿದ ಮೇಲೆ ಯಾರ ಮಾತೂ ಕೇಳುವವರಲ್ಲ ಅವರು. ಚರಣದ ಆ ತಿರುವು ಮತ್ತೆ ಬಂದಾಗ ಎಡಗೈ ಅಲ್ಲಿಂದ ಹಾರಿ ಆಚೆ ನಿಂತಿತು. ಆಕೆಯ ದನಿ ಹೋಗುವ ಮೊದಲೇ ಅಲ್ಲಿಗೆ ಹೋಗಿ, ಬಾ ತಾಯಿ ಅಂತ ಕೈಹಿಡಿದುಕೊಂಡಿತು. ನನ್ನನ್ನು ಎಷ್ಟೋ ಸಲ ಕಾಪಾಡಿದ ಪೇಟಿ ಇದೇ, ಇದೇ! ನಾನು ಒತ್ತುತ್ತಿದ್ದೆ, ಅಳುತ್ತಿದ್ದೆ, ಸೆರಗು ಹಲ್ಲಲ್ಲಿ ಕಚ್ಚಿಕೊಂಡಿದ್ದೆ. ಖುಷಿ ಅಂದರೆ ಏನು ಅಂತ ಕೇಳಿದರೆ ನಾನು ಆ ಹೊತ್ತನ್ನೇ ತೋರಿಸುತ್ತೇನೆ.

ಹಾಡು ಮುಗಿಯಿತು. ಸಭೆ ಮೌನ. ಗುರುದ್ವಾರದಲ್ಲಿ ಚಪ್ಪಾಳೆ ತಟ್ಟುವುದಿಲ್ಲ ಅಂತ ನನಗೆ ಆಮೇಲೆ ಗೊತ್ತಾದದ್ದು. ಆ ಮೌನ ನನ್ನಿಂದ ತಡೆಯಲಾಗಲಿಲ್ಲ. ನಮ್ಮ ಕಡೆ ಹಾಡು ಹಿಡಿಸಿದರೆ ಜನ ಕೂಗಿ ಮತ್ತೆ ಹಾಡಿಸುತ್ತಾರೆ, ಯುದ್ಧದಲ್ಲಿ ಸತ್ತ ಅಭಿಮನ್ಯು ಕೂಡ ಎದ್ದು ಹಾಡಿ ಮತ್ತೆ ಸಾಯಬೇಕು. ಜನ್ಮವೆಲ್ಲ ರಂಗದ ಮೇಲೆ ನಿಂತು ಆ ಕೂಗು ಕೇಳಿಸಿಕೊಂಡವಳು, ಜೀವನದಲ್ಲಿ ಮೊದಲ ಸಲ ನಾನೇ ಕೂಗಿದೆ.

"ಒನ್ಸ್ ಮೋರ್!"

ಗೋಡೆಗಳು ಅದನ್ನೇ ತಿರುಗಿ ಹೇಳಿದವು. ಒಂದು ಮಗು ಬೆಚ್ಚಿ ಅತ್ತಿತು. ಚಾಮರ ಅರ್ಧಕ್ಕೇ ನಿಂತಿತು. ಭೂಮಿ ಬಾಯಿಬಿಟ್ಟರೆ ಸಾಕು ಅನ್ನಿಸಿತು ನನಗೆ. ಗ್ಯಾನಿಜಿ ಪಂಜಾಬಿಯಲ್ಲಿ ಏನೋ ಕೇಳಿದರು. ತ್ರಿಲೋಚನ್ ಸಿಂಗ್ ತಬಲಾ ಮೇಲೆ ಕೈಯಿಟ್ಟುಕೊಂಡೇ ಏನೋ ವಿವರಿಸಿದರು, ನಾಟಕ ಅನ್ನುವ ಒಂದು ಮಾತು ನನಗೆ ತಿಳಿಯಿತು. ಮುದುಕರು ನನ್ನನ್ನು ನೋಡಿದರು, ಮಾಸ್ತರನ್ನು ನೋಡಿದರು. ಬೈಯುತ್ತಾರೆ, ಎಬ್ಬಿಸಿ ಕಳಿಸುತ್ತಾರೆ ಅಂದುಕೊಂಡೆ. ಅವರ ಬಿಳಿ ಗಡ್ಡದೊಳಗೆ ನಗು ಮೂಡಿತು. ಜಸ್ಬೀರ್ ಕೌರ್ ಕಡೆ ಕೈಮಾಡಿ, ಇನ್ನೊಮ್ಮೆ ಆಗಲಿ ಅನ್ನುವ ಹಾಗೆ ಹೇಳಿ ಚಾಮರ ಎತ್ತಿಕೊಂಡರು.

ನಾನು ಮಾಸ್ತರ ಮುಖ ನೋಡಿದೆ. ಆ ಮುಖವನ್ನು ನಾನು ಲಕ್ವ ಹೊಡೆದ ಮೇಲೆ ನೋಡಿರಲಿಲ್ಲ. ಒನ್ಸ್ ಮೋರ್ ಬಿದ್ದಾಗ ಗತ್ತಿನಿಂದ ಟೋಪಿ ಒಂದಿಷ್ಟು ಓರೆ ಮಾಡಿಕೊಳ್ಳುವ ಕಂಪನಿ ಮಾಸ್ತರ ಮುಖ. ಎಡಗೈಯಿಂದ ಟೋಪಿ ಓರೆ ಮಾಡಿಕೊಂಡರು.

"ಒಂದು ಮನೆ ಏರಿಸ್ತೀನಿ, ಬರ್ತೀರೇನ್ರೀ ತಾಯಿ?" ಅಂತ ಜಸ್ಬೀರ್ ಕೌರಳನ್ನು ಕೇಳಿದರು. ಆಕೆ ಬರ್ತೀನಿ ಅಂದಳು. ನನ್ನ ಕಡೆ ತಿರುಗಿ, "ಅಂಜಿನವ್ವ, ಗಾಳಿ ಕಡಿಮಿ ಆದ್ರ ನೋಡು," ಅಂದರು.

ಕಡಿಮೆಯಾಗಲು ಬಿಡುತ್ತೇನೆಯೇ? ತೋಳು ಕಿತ್ತು ಬರಲಿ ಅಂತ ಒತ್ತಿದೆ. ಆ ಸಲ ಅವರು ಎಲ್ಲಿಯೂ ತಡವರಿಸಲಿಲ್ಲ. ಸಭೆಯೆಲ್ಲ ಹಾಡಿತು, ಹಾಡಿನ ಅರ್ಥ ಗೊತ್ತಿಲ್ಲದ ನಾನೂ ಪಲ್ಲವಿಯನ್ನು ತಪ್ಪು ತಪ್ಪಾಗಿ ಹಾಡಿದೆ. ಕಡೆಯಲ್ಲಿ ಮಾಸ್ತರು ಪೇಟಿಯ ಮೇಲೆ ಸ್ವರಗಳ ಸುರುಳಿ ಬಿಟ್ಟು ಮೇಲಿಂದ ಕೆಳಗಿಳಿದು ಬಂದು ನಿಂತಾಗ, ಸಭೆಯಿಂದ ಯಾರೋ ಎದ್ದು ಗಟ್ಟಿಯಾಗಿ "ಜೋ ಬೋಲೇ ಸೋ ನಿಹಾಲ್" ಅಂತ ಜಯಕಾರ ಎತ್ತಿದರು. ಎಲ್ಲರೂ ಒಂದೇ ಗಂಟಲಲ್ಲಿ "ಸತ್ ಶ್ರೀ ಅಕಾಲ್" ಅಂದರು. ಚಪ್ಪಾಳೆ ಹೋಗಲಿ, ನಮ್ಮ ಯಾವ ಥೇಟರಿನಲ್ಲೂ ಅಂಥ ಸದ್ದು ನಾನು ಕೇಳಿರಲಿಲ್ಲ. ಮಾಸ್ತರು ಸಭೆಗೆ ಎಡಗೈ ಎತ್ತಿ ಸಲಾಮು ಮಾಡಿದರು. ನಾನು ಸಭೆಯ ಕಡೆ ತಿರುಗಿ, ಮರೆತ ಮರ್ಯಾದೆ ತೀರಿಸುವ ಹಾಗೆ ಕೈಮುಗಿದೆ.

ಆಮೇಲೆ ಊಟ. ಲಂಗರ್ ಅನ್ನುತ್ತಾರೆ, ಸಾಲಾಗಿ ನೆಲಕ್ಕೆ ಕೂತು ರೊಟ್ಟಿ, ಬೇಳೆ, ಪಾಯಸ. ಮಾಸ್ತರು ನನ್ನ ಪಕ್ಕ ಕೂತು, ಅಷ್ಟು ಜನರ ನಡುವೆ, ಎಡಗೈಯಿಂದ ರೊಟ್ಟಿ ಮುರಿದು ತಿಂದರು. ಯಾರೂ ನೋಡಲಿಲ್ಲ, ಅವರೂ ಯಾರನ್ನೂ ನೋಡಲಿಲ್ಲ. ಮತ್ತೊಂದು ರೊಟ್ಟಿ ಕೇಳಿ ಹಾಕಿಸಿಕೊಂಡರು. ತ್ರಿಲೋಚನ್ ಸಿಂಗ್ ಬಡಿಸುತ್ತ, ಗುರು ನಾನಕರ ಜೊತೆ ಊರೂರು ತಿರುಗಿ ರಬಾಬ್ ಎಂಬ ತಂತಿವಾದ್ಯ ನುಡಿಸಿದ ಮರ್ದಾನಾ ಕೂಡ ಮುಸಲ್ಮಾನರೇ ಅಂದರು. ಮಾಸ್ತರು ಬೇಳೆ ಸುರಿದುಕೊಳ್ಳುತ್ತ, ಅವರ ಬಸ್ ಚಾರ್ಜು ಯಾರು ಕೊಡ್ತಿದ್ರು ಕೇಳು ಅಂಜಿನವ್ವ ಅಂದರು. ಲಕ್ವದ ಮೇಲೆ ಅವರ ಮೊದಲ ಕುಚೋದ್ಯ ಅದು. ನನಗೆ ಪಾಯಸ ನೆತ್ತಿಗೇರಿತು.

ಊಟವಾದ ಮೇಲೆ ವ್ಯವಹಾರದ ಮಾತು ಬಂತು. ತ್ರಿಲೋಚನ್ ಸಿಂಗ್ ಮಾತಿಗೆ ತಕ್ಕಂತೆ ದುಡ್ಡಿನ ಕವರು ಹಿಡಿದುಕೊಂಡು ಬಂದರು. ಮಾಸ್ತರು ಕವರನ್ನು ನೋಡಲೂ ಇಲ್ಲ, ನಿಮ್ಮ ಇಲಿ ತಿಂದ ಪೇಟಿ ತೋರಿಸ್ರಿ ಅಂದರು. ತಂದರು. ಅದರ ತಿದಿ ಹರಿದ ಕೊಡೆಯ ಹಾಗೆ ಜೋತಾಡುತ್ತಿತ್ತು. ಮಾಸ್ತರು ಮುಚ್ಚಳ ಬಿಚ್ಚಿಸಿ, ಒಳಗೆ ಬಗ್ಗಿ ನೋಡಿ, ಒಂದೊಂದು ಮನೆಯನ್ನೂ ಒತ್ತಿ ನೋಡಿ ತಲೆದೂಗಿದರು.

"ನಂದು ಮಾರಾಟಕ್ಕಿಲ್ರೀ ಸರ್ದಾರ್ಜಿ," ಅಂದರು. "ನಿಮ್ಮದು ಇಂಥಾ ಒಳ್ಳೇ ಪೇಟಿ, ಬರೀ ತಿದಿ ಹೋಗೈತೆ. ನಾನು ಕಟ್ಟಿ ಕೊಡ್ತೀನಿ. ಅಲ್ಲೀಮಟ ಭಾನುವಾರ ಭಾನುವಾರ ನಾನೇ ನನ್ನ ಪೇಟಿ ತಗೊಂಡು ಬರ್ತೀನಿ."

ತಿದಿ ಒತ್ತಲು ಯಾರು ಬರುತ್ತಾರೆ ಅಂತ ನಾನು ಸೊಂಟಕ್ಕೆ ಕೈಕೊಟ್ಟು ಕೇಳಿದೆ. ನೀನೇ ಅಂದರು, ಕೇಳುವ ಸೌಜನ್ಯವೂ ಇಲ್ಲದೆ. ನನಗೆ ನಾಟಕ ಇಲ್ಲವೇ, ರಿಹರ್ಸಲ್ ಇಲ್ಲವೇ, ಮೈಕೈ ನೋವು ಇಲ್ಲವೇ ಅಂತ ಬಾಯಿ ಮಾಡಿದೆ. ಜಸ್ಬೀರ್ ಕೌರ್ ನಗುತ್ತ ನನ್ನ ಚಪ್ಪಲಿ ತಂದು ಕಾಲ ಹತ್ತಿರ ಇಟ್ಟಳು. ಮೆಟ್ಟಿಕೊಂಡು ಪೇಟಿ ಎತ್ತಿಕೊಂಡೆ.

ಒಂದು ಪೇಟಿ ಮಾರಲು ಹೋದವರು ಎರಡು ಪೇಟಿ ಹೊತ್ತು ಬಸ್ಸು ಹತ್ತಿದೆವು. ಒಂದು ನನ್ನ ತೊಡೆಯ ಮೇಲೆ, ಇಲಿ ತಿಂದದ್ದು ಅವರ ತೊಡೆಯ ಮೇಲೆ. ಹರಿಹರದಿಂದ ದಾವಣಗೆರೆವರೆಗೆ ಮಾಸ್ತರ ಬಾಯಿ ನಿಲ್ಲಲಿಲ್ಲ. ಯಾವ ಚರ್ಮ ತರಬೇಕು, ಯಾವ ಅಂಟು, ಜಸ್ಬೀರ್ ಕೌರಳ ದನಿಗೆ ಯಾವ ಶ್ರುತಿ. ನನಗೆ ತೋಳು ಸೇದುತ್ತಿತ್ತು. ಸ್ವಲ್ಪ ಸುಮ್ಮನಿರ್ರಿ ಅಂತ ಬೈಯಲು ಬಾಯಿ ತೆರೆದೆ. ಬೈಯಲು ಮನಸ್ಸು ಬರಲಿಲ್ಲ.

ಭಾಬಿ ಬಾಗಿಲು ತೆರೆದವರು ಎರಡು ಪೇಟಿ ನೋಡಿ ಹಾಗೇ ನಿಂತರು. ಏನಾಯಿತು ಅಂತ ನನ್ನನ್ನು ಕಣ್ಣಲ್ಲೇ ಕೇಳಿದರು. ನಾನು ಹೇಳಲು ಶುರುಮಾಡುವ ಮೊದಲೇ ಮಾಸ್ತರು ನಡುಮನೆಯಲ್ಲಿ ನನ್ನ ಕೈಯಿಂದ ತಮ್ಮ ಪೇಟಿ ಕೆಳಗಿಡಿಸಿ, ಅದರ ಹಿಂದೆ ಕೂತು, ಎದುರಿನ ನೆಲವನ್ನು ತಟ್ಟಿ ತೋರಿಸಿದರು.

"ಇಲ್ಲಿ ಕೂಡು, ಅಖ್ತರ್. ತಿದಿ ಒತ್ತು."

ಮದುವೆಯಾಗಿ ಇಷ್ಟು ವರ್ಷ ಭಾಬಿ ಆ ಪೇಟಿಯ ಧೂಳು ಒರೆಸಿದ್ದರೇ ಹೊರತು ಅದರ ಮುಂದೆ ಕೂತವರಲ್ಲ. ನನ್ನ ಕೈಲಿ ಆಗುತ್ತಾ ಅಂದರು. ಉಸಿರಾಡಿದ ಹಾಗೆ ಒತ್ರೀ ಭಾಬಿ, ಅಷ್ಟೇ ಅಂದೆ ನಾನು. ಭಾಬಿ ದುಪಟ್ಟಾ ಸರಿಮಾಡಿಕೊಂಡು ಎದುರಿಗೆ ಕೂತರು. ತಿದಿಯ ಮೇಲೆ ಕೈಯಿಟ್ಟು ಒತ್ತಿದರು. ಮೊದಲ ಸ್ವರ ಹೊರಟಿತು. ಎದುರು ಮನೆಯ ಹೆಂಗಸು ಕಿಟಕಿ ತೆಗೆದಳು, ಈ ಸಲ ಮುಚ್ಚಲಿಲ್ಲ. ಮಾಸ್ತರು ನುಡಿಸಿದರು, ಭಾಬಿ ಅಳುತ್ತ ಒತ್ತಿದರು, ಗಾಳಿ ಒಂದು ಸಲವೂ ಕಡಿಮೆಯಾಗಲಿಲ್ಲ.